ಯಾರ ಪೈಕಿ

“ಹೊಳಿ ಬಂದಾಗ ನೀವು ಎಲ್ಲಿದ್ರಿ?” ಎಂದಳು ಮೊಬೈಲಿನೊಳಗಿನ ಆಪ್ತಸಲಹೆಗಾರ್ತಿ. ಕ್ಯಾಮೆರಾ ಮುಚ್ಚಿದ್ದ ನಾಜಮೀನಳ ಹೆಬ್ಬೆರಳು ಇನ್ನಷ್ಟು ಬಿಗಿಯಾಯಿತು. ಇಷ್ಟು ಹೊತ್ತು ಪುಸ್ತಕದ ಭಾಷೆಯಲ್ಲಿ ‘ಪ್ರವಾಹ, ಪ್ರವಾಹ’ ಅನ್ನುತ್ತಿದ್ದವಳ ಬಾಯಿಗೆ ‘ಹೊಳಿ ಬಂತು’ ಎಲ್ಲಿಂದ ಬಂತು? ಅದು ಮಲಪ್ರಭೆ ದಂಡೆಯವರ ಮಾತು.

ಆ ಹೊಳೆಗೆ ಕಟ್ಟಿದ ಕೊಣ್ಣೂರಿನ ಸೇತುವೆ ಕಂಡರೆ ಇವತ್ತಿಗೂ ಕೈಕಾಲು ನಡುಗುತ್ತವೆ ಅನ್ನುವುದನ್ನು ನಾಜಮೀನ ತನ್ನ ಗಂಡನಿಗೂ ಹೇಳಿರಲಿಲ್ಲ. ಗುರುತಿಲ್ಲದವರಿಗೆ ಹೇಳಿದರೆ ಊರಿಗೆ ಮುಟ್ಟುವುದಿಲ್ಲ ಎಂದೇ ಬಾಗಿಲು ಹಾಕಿಕೊಂಡು ಈ ಫೋನು ಹಿಡಿದಿದ್ದಳು. ಈಗ ನೋಡಿದರೆ ಇವಳು ಹಿಂದಿನ ಓಣಿಯವಳೇ ಇರಬಹುದು! ನಾಳೆ ನಳದ ಮುಂದೆ ಕೊಡ ಹಿಡಿದು ನಿಂತವರೆಲ್ಲ ‘ನಾಜಮೀನಗ ತಲಿ ಕೆಟ್ಟೈತಂತ’ ಅಂದರೆ?

“ನೀವು ಈ ಕಡಿಯವರ ಅದೀರಿ. ಯಾರ ಪೈಕಿ? ಮೊದಲ ಅದನ್ನ ಹೇಳ್ರಿ.” ಇನ್ನೊಂದು ಬೆರಳು ಕರೆ ಕಡಿಯಲು ಕಾದಿತ್ತು.

“ಹೌದ್ರಿ, ನಾನೂ ಹೊಳಿ ದಂಡಿಯಾಕಿನ. ಆದ್ರ ಯಾರ ಪೈಕಿ ಅಂತ ಹೇಳೂದಿಲ್ಲ. ನಂದೂ ಹೇಳೂದಿಲ್ಲ, ನಿಮ್ದೂ ಯಾರಿಗೂ ಹೇಳೂದಿಲ್ಲ.”

ಯಾರ ಪೈಕಿ ಅಂದರೆ ಮುತ್ತಜ್ಜನ ತನಕ ಒದರದೆ ಸುಮ್ಮನಾದವರನ್ನು ನಾಜಮೀನ ಈ ಸೀಮೆಯಲ್ಲಿ ಕಂಡೇ ಇರಲಿಲ್ಲ. ಅವಳು ಕ್ಯಾಮೆರಾ ಮೇಲಿನ ಹೆಬ್ಬೆರಳು ತೆಗೆದಳು.