ಉಳಿದದ್ದು ಅವ್ವನಿಗೆ

ಆ ಊರಿನ ಒಲೆಗಳು ತಾವೇ ಬೇಯಿಸಿ ತಾವೇ ಬಡಿಸುತ್ತಿದ್ದವು. ಆದರೆ ಲೆಕ್ಕ ಬರೆದು ಕೊಡದಿದ್ದರೆ ಒಂದು ತುತ್ತೂ ಇಲ್ಲ. ಐವತ್ತೆಂಟರ ನೀಲಗಂಗವ್ವ ಇಂದು ಮೊದಲ ಸಲ ತಾನೇ ಬರೆಯಲು ಕುಳಿತಿದ್ದಳು. ಅವ್ವ ತೀರಿಹೋಗಿ ವರ್ಷವಾಗಿತ್ತು. ಒಡಹುಟ್ಟಿದ ನಾಲ್ವರೂ ಊಟಕ್ಕೆ ಬರುವವರಿದ್ದರು.

"ಹದಿನೇಳು ಹೋಳಿಗಿ, ಐದು ಮಂದಿ. ಒಬ್ಬೊಬ್ಬರಿಗೆ ಮೂರು ಅಂತೈತಿ ಒಲಿ. ಉಳಿದ ಎರಡು ಎಲ್ಲಿ ಹೋದ್ವು?"

"ಈ ಭಾಗಾಕಾರ ಉಳಿದದ್ದನ್ನ ಕೈಬಿಡ್ತೈತ್ರಿ, ಅಕ್ಕಾರ. ಅದು ಬೇಕಂದ್ರ ಶೇಷದ ಚಿಹ್ನೆ ಹಾಕ್ರಿ," ಎಂದರು ಕಲಿಸಲು ಬಂದಿದ್ದ ಫಕೀರಪ್ಪ ಮಾಸ್ತರರು.

ನೀಲಗಂಗವ್ವನಿಗೆ ನಗು ಬಂತು. ಅವ್ವನೂ ಐದು ಮಕ್ಕಳಿಗೆ ಸಮನಾಗಿ ಹಂಚಿ, "ಉಳಿದದ್ದು ನಂದು" ಎನ್ನುತ್ತಿದ್ದಳು. ಆ ನೆನಪಿಗೆ ಶೇಷದ ಸಾಲನ್ನು ಅವ್ವನ ಹೆಸರಿಗೇ ಬರೆದಳು. ಒಲೆ ಎರಡು ಎಂದಿತು. ಸುಮ್ಮನೆ ಹದಿನೈದು ಹಾಕಿ ನೋಡಿದಳು. ಸೊನ್ನೆ ಎಂದಿತು.

ಅವಳ ಬೆರಳು ಅಲ್ಲೇ ನಿಂತಿತು. ಅವ್ವ ಹೆಚ್ಚಾಗಿ ಮಾಡುತ್ತಿದ್ದದ್ದು ಹದಿನೈದೇ. "ಸಿಹಿ ನನಗ ಸೇರೂದಿಲ್ಲ" ಎನ್ನುತ್ತಿದ್ದದ್ದೂ ಆ ದಿನಗಳಲ್ಲೇ.

ನೀಲಗಂಗವ್ವ ಎಲ್ಲವನ್ನೂ ಅಳಿಸಿ, ಹದಿನೆಂಟು ಹೋಳಿಗೆ, ಅವ್ವನೂ ಸೇರಿ ಆರು ಮಂದಿ ಎಂದು ಬರೆದಳು. ಶೇಷದ ಸಾಲು ಮತ್ತೆ ಬರೆಯಲಿಲ್ಲ.