ಎಡಗಡೆಯ ಒಸಡು

ರಾಮಲಕ್ಷ್ಮಮ್ಮನ ಎಡಗಡೆಯ ಒಸಡಿಗೆ ಡಾಕ್ಟರ್ ಮಿಸ್ಬಾ ಸಣ್ಣ ಕಡ್ಡಿ ತಾಗಿಸಿ ಕಾದಳು. ರಕ್ತ ಬರಲಿಲ್ಲ. ಮತ್ತೊಮ್ಮೆ ತಾಗಿಸಿದಳು, ಆಗಲೂ ಇಲ್ಲ. ಊದಿದ ಒಸಡಾಗಿದ್ದರೆ ಕಡ್ಡಿ ತಾಗಿದೊಡನೆ ರಕ್ತ ಜಿನುಗಬೇಕಿತ್ತು. ಎರಡು ತಿಂಗಳಿಂದ ಅಲ್ಟ್ರಾಸೌಂಡ್ ಮಿಷನ್ನಿನ ಅಲೆ ಕೊಟ್ಟಿದ್ದು ಬಲಗಡೆಗೆ ಮಾತ್ರ. ಒಸಡಿನೊಳಗೆ ರೊಚ್ಚಿಗೆದ್ದ ರಕ್ಷಣಾ ಕಣಗಳನ್ನು ಆ ಅಲೆಗಳು ತಣ್ಣಗೆ ಮಾಡಿ ಊತ ಇಳಿಸುತ್ತವೆಯೇ ಎಂಬುದೇ ಅವಳ ಅಧ್ಯಯನ. ಹೋಲಿಸಿ ನೋಡಲೆಂದು ಎಡಗಡೆಯನ್ನು ಹಾಗೇ ಬಿಟ್ಟಿದ್ದಳು. ಎರಡೂ ಕಡೆ ಒಂದೇ ಸಮ ವಾಸಿಯಾಗಿದ್ದರೆ ಮಿಷನ್ನು ಮಾಡಿದ್ದೇನು?

“ಅಮ್ಮಾ, ಎಡಗಡೆಗೆ ಏನಾದ್ರೂ ಮಾಡಿದ್ರಾ? ನಿಜ ಹೇಳಿ.”

ಪೆರೇಸಂದ್ರದ ಆ ರೈತ ಹೆಂಗಸು ಬಾಯಿ ಒರೆಸಿಕೊಂಡಳು. “ಅಲ್ಲ ಕಣಮ್ಮ, ಒಂದು ಸಾಲಿಗೆ ನೀರು ಬಿಟ್ಟು ಪಕ್ಕದ ಸಾಲು ಒಣಗಿಸ್ತಾರಾ ಯಾರಾದ್ರೂ? ಬಲಗಡೆ ನೀನು ನೋಡ್ಕೊಂಡೆ, ಎಡಗಡೆ ನಾನು ನೋಡ್ಕೊಂಡೆ. ಉಂಡಾಗೆಲ್ಲ ಮೆತ್ತನೆ ಬ್ರಷ್ಷಲ್ಲಿ ಅದನ್ನೇ ತಿಕ್ಕಿದೀನಿ. ಬಲಗಡೆಗೆ ಬೆಳಗ್ಗೆ ಒಂದ್ಸಲ ಅಷ್ಟೆ, ಅದು ನಿಂದಲ್ವಾ?” ಮಿಸ್ಬಾಳ ಮುಖ ನೋಡಿ ದನಿ ತಗ್ಗಿಸಿದಳು. “ತಪ್ಪಾಯ್ತೇನೋ. ಬೇಡ ಅಂದ್ರೆ ಇವತ್ತೇ ಬಿಟ್ಬಿಡ್ತೀನಿ.”

ಬಿಟ್ಟರೆ ಹದಿನೈದು ದಿನದಲ್ಲಿ ಎಡಗಡೆ ಮತ್ತೆ ಊದಿಕೊಳ್ಳುತ್ತದೆ. ಆಗ ಅಳೆದು ಬರೆದರೆ ಮಿಷನ್ನಿನದೇ ಗೆಲುವು, ಯಾರೂ ಕೇಳುವುದಿಲ್ಲ. ಅಧ್ಯಯನದ ಪಟ್ಟಿಯಲ್ಲಿ ಇವಳೇ ಕೊನೆಯವಳು. ಇವಳನ್ನು ಬಿಟ್ಟು ಇನ್ನೊಬ್ಬರನ್ನು ಹುಡುಕಿದರೆ ಮತ್ತೆರಡು ತಿಂಗಳು ಹೋದಂತೆ. ಮಿಸ್ಬಾ ಪೆನ್ನು ತೆಗೆದುಕೊಂಡಳು. ಪಟ್ಟಿಯಲ್ಲಿದ್ದ ರಾಮಲಕ್ಷ್ಮಮ್ಮನ ಹೆಸರಿನ ಮೇಲೆ ಅಡ್ಡಗೆರೆ ಎಳೆದಳು.

“ಬಿಡ್ಬೇಡಿ ಅಮ್ಮ,” ಅಂದಳು. “ಇವತ್ತಿಂದ ಬಲಗಡೆನೂ ಹಾಗೇ ತಿಕ್ಕಿ.”