ಪೆಟ್ಟಿಗೆಯಲ್ಲಿ ಇಲ್ಲದ ಕಲ್ಲು

ಒಂದು ತುಂಡು ಕಡಿಮೆಯಿತ್ತು. ಭೂವಿಜ್ಞಾನಿ ರೇವಣಸಿದ್ದಯ್ಯ ಮರದ ಪೆಟ್ಟಿಗೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಖಾಲಿ ಜಾಗದಲ್ಲಿ ಬೆರಳಾಡಿಸಿದರು.

"ಇದನ್ನ ಯಾರು ತೆಗೆದರು ತಾಯಿ?"

ಚಿಕ್ಕಗೌರಮ್ಮ ಸೆರಗಿಗೆ ಕೈ ಒರೆಸಿಕೊಂಡಳು. 

ಕೆಲವು ವರ್ಷಗಳ ಹಿಂದೆ ಅದಿರು ಹುಡುಕಲು ಬಂದವರು ಅವಳ ಮನೆಯವರ ರಾಗಿ ಹೊಲದಲ್ಲಿ ಆಳಕ್ಕೆ ಕೊರೆದಿದ್ದರು. ಒನಕೆಯ ಹಾಗೆ ದುಂಡಗೆ ಮೇಲೆ ಬಂದ ಕಲ್ಲುಗಳನ್ನು ಪೆಟ್ಟಿಗೆಗಳಲ್ಲಿ ಜೋಡಿಸಿ, ಕೊಟ್ಟಿಗೆಯಲ್ಲಿ ಬಿಟ್ಟು ಹೋಗಿದ್ದರು. ಈಗ ರೇವಣಸಿದ್ದಯ್ಯ ಬಂದದ್ದು ಬೇರೆ ಕೆಲಸಕ್ಕೆ. ಅಣು ವಿದ್ಯುತ್ ತಯಾರಿಸಿದ ಮೇಲೆ ಉಳಿಯುವ ವಿಷದ ಕಸ ಹೂಳಲು ಬಿರುಕಿಲ್ಲದ, ನೀರು ಸೋಕದ ಬಂಡೆ ಬೇಕಿತ್ತು. ಇಲ್ಲಿನ ಬಂಡೆ ಗಟ್ಟಿ ಎನ್ನುತ್ತಿತ್ತು ಹಳೆಯ ವರದಿ. ಆ ವರದಿಯನ್ನು ನಂಬಬಹುದೇ ಎಂದು ಅವರು ನೋಡಬೇಕಿತ್ತು.

ಅದು ಸುಳ್ಳಾಗಲಿ ಎಂದು ಊರಿಗೆ ಊರೇ ಹರಕೆ ಹೊತ್ತಿತ್ತು. ಚಿಕ್ಕಗೌರಮ್ಮ ಒಬ್ಬಳೇ ದಿನಾ ಪೆಟ್ಟಿಗೆಗಳ ಧೂಳು ಒರೆಸುತ್ತಿದ್ದಳು.

"ಪರಿಹಾರದ ಆಸೆ ಕಣ್ರೀ ನಮ್ಮತ್ತಿಗೆಗೆ," ಎಂದ ಮೈದುನ ಕೆಂಚಯ್ಯ, ಬಾಗಿಲಿಗೆ ಒರಗಿ. "ವಿಷ ತಂದು ಸುರಿದ್ರೂ ಸೈ. ನಾನು ಆ ಹೊಲಕ್ಕೆ ಅಂತ ತೆಂಗಿನ ಸಸಿ ತಂದು ಮಡಗಿವ್ನಿ. ನಾಳಿದ್ದು ಬದುವಿಂದ ಬದುವಿಗೆ ಗುಂಡಿ ತೋಡ್ಸೋದೆ."

ಅವಳ ಗಂಡ ಮಾಯಣ್ಣ ಹೊಲದ ಮಾತನ್ನೆಲ್ಲ ತಮ್ಮನಿಗೇ ಬಿಟ್ಟಿದ್ದ.

"ನೀವು ತಗೊಂಡ್ರೆ ಹೊಲ ಅಗೀತೀರಾ ಸ್ವಾಮಿ?" ಚಿಕ್ಕಗೌರಮ್ಮ ಕೇಳಿದಳು.

"ಇಲ್ಲ. ಗುಡ್ಡದ ಆಚೆಯಿಂದ ಸುರಂಗ ಇಳಿಸ್ತಾರೆ. ಹೊಲಕ್ಕೆ ಗುದ್ದಲಿ ತಾಕಲ್ಲ. ಆದರೆ ಸುತ್ತ ಬೇಲಿ ಬೀಳುತ್ತೆ. ಆಮೇಲೆ ಯಾರೂ ಕಾಲಿಡೋ ಹಾಗಿಲ್ಲ."

"ನಾನೂ?"

"ನೀವೂ."

ಅವಳು ಹೊಲದ ದಿಕ್ಕಿಗೆ ನೋಡಿದಳು. "ಆಗ್ಲಿ ಬುಡಿ."

"ಆಗೋದು ಹೇಗೆ ತಾಯಿ? ಈ ತುಂಡಿಲ್ಲದೆ ವರದಿ ಒಪ್ಪೋಕಾಗಲ್ಲ. ಬಿರುಕು ಇದ್ದದ್ದೇ ಅಲ್ಲಿ ಅಂದ್ಕೋಬೇಕಾಗುತ್ತೆ."

ಕೆಂಚಯ್ಯ ನಕ್ಕ. ಅವಳು ಹೊರಗೆ ಹೋದಳು.

ಮರಳಿ ಬಂದಾಗ ಉಗುರುಗಳಲ್ಲಿ ಮಣ್ಣಿತ್ತು. ತೊಳೆದ ಕಲ್ಲನ್ನು ಎದೆಗೆ ಅವಚಿಕೊಂಡಿದ್ದಳು. ಒಂದು ತುದಿಗೆ ಅಂಗೈ ಆನಿಸಿ ಹಿಡಿದಿದ್ದಳು. ಕೇಳಿದ ಮೇಲೂ ತಡಮಾಡಿ ಕೊಟ್ಟಳು.

ಪೆಟ್ಟಿಗೆಯಲ್ಲಿ ಒಡೆದ ಬಾಯಿಗೆ ಒಡೆದ ಬಾಯಿ ಕೂಡಿತು. ಆದರೆ ಒಂದು ತುದಿಯಲ್ಲಿ ತೊಳೆದರೂ ಹೋಗದ ಬಿಳಿ ಪೊರೆ. ರೇವಣಸಿದ್ದಯ್ಯ ಹುಬ್ಬು ಗಂಟಿಕ್ಕಿದರು.

"ಸುಣ್ಣ ಕಟ್ಟಿದೆ. ಬಿರುಕಲ್ಲಿ ನೀರು ಹರಿದಿದ್ದರೆ ಹೀಗಾಗುತ್ತೆ."

"ಹಾಲು ಸ್ವಾಮಿ ಅದು."

ಅವರು ಸೀಸೆಯಿಂದ ಒಂದು ತೊಟ್ಟು ಆಮ್ಲ ಬಿಟ್ಟರು. ನೊರೆ ಏಳಲಿಲ್ಲ. ಸುಣ್ಣವಲ್ಲ. ಅವರ ಮುಖ ಸಡಿಲವಾಯಿತು.

"ಲಿಂಗ ಅಂತ ಅಭಿಷೇಕ ಮಾಡ್ತಿದ್ರಾ?"

"ದಿನಾ ಒಂದು ತೊಟ್ಟು ಹಾಕ್ತಿದ್ದೆ."

"ನೋಡ್ರಪ್ಪಾ," ಎಂದ ಕೆಂಚಯ್ಯ, "ದೇವ್ರನ್ನೂ ಮಾರ್ಕೊಂಡ್ಲು!"

ಅವಳು ತಲೆ ಎತ್ತಲಿಲ್ಲ.

ವರದಿ ನಂಬಬಹುದು ಎಂದು ರೇವಣಸಿದ್ದಯ್ಯ ಸಹಿ ಹಾಕಿದರು. ಹೊಲವನ್ನು ಯಾರೂ ಅಗೆಯಬಾರದೆಂದು ಅಂದೇ ನೋಟಿಸು ಅಂಟಿತು. ಪೆಟ್ಟಿಗೆಗಳು ಜೀಪು ಹತ್ತಿದವು. ಜೀಪಿನ ಧೂಳು ಇಳಿಯುವವರೆಗೂ ಚಿಕ್ಕಗೌರಮ್ಮ ಬಾಗಿಲಲ್ಲೇ ನಿಂತಿದ್ದಳು.

ಸಂಜೆ ಹಸುವಿನ ಹಾಲು ಕರೆದಿಟ್ಟು ಹೊಲಕ್ಕೆ ಹೋದಳು. ಬದುವಿನ ಹೊಂಗೆಮರದ ಕೆಳಗೆ, ಕಲ್ಲು ಕಿತ್ತ ಜಾಗದಲ್ಲಿ ಹಿಡಿಯಷ್ಟು ಹಸಿಮಣ್ಣು ಬಾಯಿ ಬಿಟ್ಟಿತ್ತು. ಕೂತು, ಅದನ್ನು ಮುಚ್ಚಿ, ಮೆಲ್ಲಗೆ ತಟ್ಟಿದಳು. ಒಂದು ಮಳೆ ಬಿದ್ದರೆ ಆ ಗುರುತೂ ಉಳಿಯುವುದಿಲ್ಲ.

"ಮಲಕ್ಕೋ ಕಣವ್ವಾ," ಎಂದಳು. "ಇನ್ಯಾರೂ ನಿನ್ನ ಎಬ್ಸಾಕಿಲ್ಲ."

ಹೆಸರಿಡುವ ಮೊದಲೇ ಹೋದ ಕೂಸಿಗೆ ಕಲ್ಲು ನೆಡುವ ಪದ್ಧತಿ ಆ ಊರಿನಲ್ಲಿ ಇರಲಿಲ್ಲ.